ರೀಟಾ ಹೆಸರಿನ ಗುಳಿಗೆ, ನಮ್ಮ ಕಾಫಿ ಲೋಟ

ಬೆಳಗ್ಗೆ ಡಿಕಾಕ್ಷನ್ ಇಳಿಯುವವರೆಗೆ ನಮ್ಮಲ್ಲಿ ಅನೇಕರಿಗೆ ಕೈಯೇ ಓಡುವುದಿಲ್ಲ. ಕಾಫಿ ಒಂದು ಉತ್ತೇಜಕ. ಗಮನ ನಿಲ್ಲದೆ ಸದಾ ಚಡಪಡಿಸುವ ಮಗುವಿಗೆ ಎ.ಡಿ.ಎಚ್.ಡಿ. ಇದೆಯೆಂದು ಗುರುತಿಸಿ ವೈದ್ಯರು ಬರೆದುಕೊಡುವ ಮಾತ್ರೆಯೂ ಹೆಚ್ಚಾಗಿ ಉತ್ತೇಜಕವೇ. "ಮೊದಲೇ ನಿಲ್ಲದ ಮಗು, ಅದಕ್ಕೆ ಉತ್ತೇಜಕವೇ?" ಎಂದು ತಾಯಿಗೆ ಅನಿಸುವುದು ಸಹಜ. ಈ ಮಾತ್ರೆ ಬಂದ ದಾರಿಯನ್ನು ನೋಡಿದರೆ ಉತ್ತರ ಸಿಗುತ್ತದೆ.

1902ರಲ್ಲಿ ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್, ಬುದ್ಧಿ ಚೆನ್ನಾಗಿದ್ದೂ ಗಮನ ನಿಲ್ಲದ, ತಮ್ಮನ್ನು ತಡೆದುಕೊಳ್ಳಲಾರದ ಮಕ್ಕಳ ಬಗ್ಗೆ ಉಪನ್ಯಾಸ ಕೊಟ್ಟರು. ಇದು ಬರೀ ಸಾಕಿದವರ ತಪ್ಪಲ್ಲ ಎಂಬ ಮಾತು ಅಂದೇ ಬಂದಿತ್ತು. 1937ರಲ್ಲಿ ಅಮೆರಿಕದ ರೋಡ್ ಐಲೆಂಡಿನಲ್ಲಿ ಚಾರ್ಲ್ಸ್ ಬ್ರಾಡ್ಲಿ 30 ಮಕ್ಕಳಿಗೆ ಬೆಂಜೆಡ್ರಿನ್ ಎಂಬ ಉತ್ತೇಜಕ ಕೊಟ್ಟು ನೋಡಿದರು. 14 ಮಕ್ಕಳ ಓದು ಎದ್ದು ಕಾಣುವಷ್ಟು ಸುಧಾರಿಸಿತು. ಮಕ್ಕಳೇ ಅದನ್ನು 'ಲೆಕ್ಕದ ಗುಳಿಗೆ' ಎಂದರು!

1944ರಲ್ಲಿ ಸ್ವಿಟ್ಜರ್ಲೆಂಡಿನ ಸಿಬಾ ಕಂಪನಿಯ ಲಿಯಾಂಡ್ರೋ ಪನಿಝೋನ್ ಮೀಥೈಲ್‌ಫೆನಿಡೇಟ್ ತಯಾರಿಸಿದರು. ಟೆನಿಸ್ ಆಡುವ ಮುನ್ನ ಅದನ್ನು ತೆಗೆದುಕೊಳ್ಳುತ್ತಿದ್ದ ಹೆಂಡತಿ ರೀಟಾಳ ಹೆಸರೇ ಮಾತ್ರೆಗೆ ಬಂತು: ರಿಟಾಲಿನ್.

ಮೆದುಳಿನ ಕೋಶಗಳ ನಡುವೆ ಸುದ್ದಿ ಒಯ್ಯುವ ಡೋಪಮಿನ್, ನಾರ್‌ಅಡ್ರಿನಲಿನ್‌ಗಳು ಬೇಗನೆ ಮರಳಿ ಹೀರಿಹೋಗದಂತೆ ಈ ಮಾತ್ರೆ ತಡೆಯುತ್ತದೆ. ಆಗ ಮನಸ್ಸಿಗೆ ಕಡಿವಾಣ ಹಾಕುವ ಮೆದುಳಿನ ಮುಂಭಾಗಕ್ಕೆ ಹಿಡಿತ ಸಿಗುತ್ತದೆ. ಬಲ ಬರುವುದು ಕುದುರೆಗಲ್ಲ, ಸವಾರನಿಗೆ.

ಹಾಗಾದರೆ ಕಾಫಿಯೇ ಸಾಲದೇ? 1973ರಲ್ಲಿ ಅಮೆರಿಕದ ವೈದ್ಯ ರಾಬರ್ಟ್ ಶ್ನಾಕೆನ್‌ಬರ್ಗ್ ಇದೇ ಪ್ರಶ್ನೆ ಕೇಳಿ, ಮಕ್ಕಳಿಗೆ ಕಾಫಿ ಕೊಟ್ಟು ಆಶಾದಾಯಕ ವರದಿ ಬರೆದರು. ಮುಂದಿನ ಕಟ್ಟುನಿಟ್ಟಿನ ಪರೀಕ್ಷೆಗಳಲ್ಲಿ ಕೆಫೀನ್ ಮಾತ್ರೆಗೆ ಸಾಟಿಯಾಗಲಿಲ್ಲ. ಕೆಫೀನ್ ಮುಖ್ಯವಾಗಿ ತಡೆಯುವುದು ದಣಿವನ್ನು ಸೂಚಿಸುವ ಅಡಿನೋಸಿನ್‌ನ ಕೆಲಸವನ್ನು.

ಬಾಗಿಲು ಬೇರೆಯಾದರೂ ಎರಡೂ ಸೇರುವುದು ಒಂದೇ ಮನೆಗೆ. ಮಾತ್ರೆಯ ಮೇಲೆ ಕಾಫಿ, ಕೋಲಾ, ಎನರ್ಜಿ ಡ್ರಿಂಕ್ ಹೆಚ್ಚಾದರೆ ಎದೆಬಡಿತ, ರಕ್ತದೊತ್ತಡ, ಕೈನಡುಕ, ಆತಂಕ ಏರಬಹುದು, ನಿದ್ದೆ ಹಾರಿಹೋಗಬಹುದು. ನಿದ್ದೆಗೆಟ್ಟರೆ ಮರುದಿನ ಗಮನವೂ ಕೆಡುತ್ತದೆ. ಕುಡಿದ ಕೆಫೀನಿನಲ್ಲಿ ಅರ್ಧ ಕರಗಲು ಸುಮಾರು 5 ಗಂಟೆ ಬೇಕು. ಗರ್ಭನಿರೋಧಕ ಮಾತ್ರೆ ಸೇವಿಸುವವರಲ್ಲಿ ಅದು ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಸಂಜೆಯ ಕಾಫಿ ನಡುರಾತ್ರಿಯೂ ಎಚ್ಚರವಾಗಿರುತ್ತದೆ.

ಈ ಚರಿತ್ರೆಯಲ್ಲಿ ಇನ್ನೊಂದು ಅಂಶ ನಮ್ಮ ಗಮನಕ್ಕೆ ಬರಬೇಕು. ಬ್ರಾಡ್ಲಿಯ 30 ಮಕ್ಕಳಲ್ಲಿ ಹುಡುಗಿಯರು 9 ಮಾತ್ರ. ಗಲಾಟೆ ಮಾಡಿದವರು ಕಣ್ಣಿಗೆ ಬಿದ್ದರು. ಕಿಟಕಿಯಾಚೆ ನೋಡುತ್ತ ಸುಮ್ಮನೆ ಕುಳಿತವಳು 'ಮರೆಗುಳಿ', 'ಸೋಮಾರಿ' ಎನಿಸಿಕೊಂಡಳು. ಚಡಪಡಿಕೆಯಿಲ್ಲದೆಯೂ ಗಮನದ ಕೊರತೆ ಇರಬಹುದೆಂದು ಅಮೆರಿಕದ ಮನೋವೈದ್ಯರ ಕೈಪಿಡಿ ಒಪ್ಪಿದ್ದು 1980ರಲ್ಲಿ. ಮಗುವಿನ ತಪಾಸಣೆಗೆ ಹೋದ ತಾಯಿ ಅಲ್ಲಿ ತನ್ನದೇ ಬಾಲ್ಯವನ್ನು ಗುರುತಿಸುವುದು ಇಂದು ಅಪರೂಪವಲ್ಲ. ಹತ್ತಾರು ವರ್ಷ ಕಾಫಿಯ ಬಲದಲ್ಲೇ ಮನೆ, ಕಚೇರಿ ಎರಡನ್ನೂ ತೂಗಿಸಿದವಳು ಅವಳಾಗಿರಬಹುದು.

ಗೆಳತಿಯರೇ, "ಬೇರೆ ಏನು ಔಷಧಿ ತೆಗೆದುಕೊಳ್ಳುತ್ತೀರಿ?" ಎಂದು ವೈದ್ಯರು ಕೇಳಿದಾಗ ದಿನಕ್ಕೆಷ್ಟು ಲೋಟ ಕಾಫಿ ಎಂಬುದನ್ನೂ ಹೇಳಿ. ಮಾತ್ರೆಯನ್ನು ನಾವೇ ನಿಲ್ಲಿಸುವುದು, ಹೆಚ್ಚಿಸುವುದು ಬೇಡ. ಮತ್ತು ಆ 'ಮರೆಗುಳಿ' ಹುಡುಗಿಯನ್ನು ಬೈಯುವ ಮುನ್ನ ಒಮ್ಮೆ ತೋರಿಸಿ. ತಪ್ಪು ಅವಳದೂ ಅಲ್ಲ, ಅವಳ ಅಮ್ಮನದೂ ಅಲ್ಲ.