ಎಲ್‌ಕೆಜಿಯ ‘ಕೆಜಿ’ ಒಂದು ಕಾಲಕ್ಕೆ ಬ್ಯಾನ್ ಆಗಿತ್ತು!

ಎಲ್‌ಕೆಜಿ, ಯುಕೆಜಿ ಅಂತೀವಲ್ಲ, ಆ ‘ಕೆಜಿ’ ಅಂದ್ರೆ ಕಿಂಡರ್‌ಗಾರ್ಟನ್. ಜರ್ಮನ್ ಪದ, ಅರ್ಥ ‘ಮಕ್ಕಳ ತೋಟ’. ಇದನ್ನ ಒಂದು ಸರ್ಕಾರ ಸುಮಾರು 9 ವರ್ಷ ನಿಷೇಧಿಸಿತ್ತು ಅಂದ್ರೆ ನಂಬ್ತೀರಾ?

ಹೆಸರಿಟ್ಟವರು ಫ್ರೀಡ್ರಿಕ್ ಫ್ರೋಬೆಲ್. ಹುಟ್ಟಿದ್ದು 1782ರಲ್ಲಿ, ಜರ್ಮನಿಯ ತುರಿಂಗಿಯಾದಲ್ಲಿ. ವರ್ಷ ತುಂಬೋ ಮೊದಲೇ ತಾಯಿ ತೀರಿಕೊಂಡರು. ಆ ಹುಡುಗ ಬೆಳೆದು ಮೇಷ್ಟ್ರಾದ. 1837ರಲ್ಲಿ ಬಾಡ್ ಬ್ಲಾಂಕೆನ್‌ಬುರ್ಗ್ ಅನ್ನೋ ಸಣ್ಣ ಊರಲ್ಲಿ ಪುಟ್ಟ ಮಕ್ಕಳಿಗಾಗಿ ಒಂದು ಸಂಸ್ಥೆ ಶುರು ಮಾಡಿದರು. 1840ರಲ್ಲಿ ‘ಕಿಂಡರ್‌ಗಾರ್ಟನ್’ ಅನ್ನೋ ಹೆಸರು ಬಂತು.

ಫ್ರೋಬೆಲ್ ಮೇಷ್ಟ್ರ ಪ್ರಕಾರ ಆ ವಯಸ್ಸಲ್ಲಿ ಆಟಕ್ಕಿಂತ ದೊಡ್ಡ ಕೆಲಸ ಇಲ್ಲ. ಅದಕ್ಕೇ ಅವರು ಮಕ್ಕಳ ಕೈಗೆ ಕೊಟ್ಟಿದ್ದು ಪುಸ್ತಕ ಅಲ್ಲ: ಉಣ್ಣೆ ಚೆಂಡು, ಮರದ ಗೋಲ, ಸಿಲಿಂಡರ್, ಘನ. ನನಗೆ ತುಂಬಾ ಇಷ್ಟವಾದ್ದು ಇನ್ನೊಂದು. ಮರದ ಡಬ್ಬಿಯೊಳಗೆ 8 ಪುಟ್ಟ ಘನಗಳು, ಅಷ್ಟೇ. ಒಂದರ ಮೇಲೊಂದು ಇಟ್ರೆ ಕಂಬ. ಸ್ವಲ್ಪ ಸರಿಸಿದ್ರೆ ಮೆಟ್ಟಿಲು. ಇನ್ನೊಂಚೂರು ಬದಲಿಸಿದ್ರೆ ಕುರ್ಚಿ, ಸೇತುವೆ. ‘ತಪ್ಪು’ ಅಂತ ಯಾರೂ ಹೇಳಲ್ಲ, ಆದ್ರೆ ಸರಿಯಾಗಿ ಇಡದಿದ್ರೆ ದಬಕ್ಕಂತ ಬೀಳುತ್ತೆ! ಯಾಕೆ ಬಿತ್ತು ಅಂತ ಮಗು ತಾನೇ ನೋಡಿ ಮತ್ತೆ ಇಡುತ್ತೆ. ತೂಕ, ಸಮತೋಲ, ಅರ್ಧ, ಕಾಲು ಎಲ್ಲಾ ಹೆಸರು ಕಲಿಯೋ ಮೊದಲೇ ಕೈಗೆ ಗೊತ್ತಾಗಿರುತ್ತೆ. (ಮೇಷ್ಟ್ರು ಪೂರ್ತಿ ಫ್ರೀ ಬಿಟ್ಟವರೇನಲ್ಲ. ಕಟ್ಟುವಾಗ ಒಂದು ಘನವೂ ಹೊರಗೆ ಉಳೀಬಾರದು ಅನ್ನೋ ರೂಲ್ ಇತ್ತು!)

ಇಷ್ಟಕ್ಕೇ ಸರ್ಕಾರಕ್ಕೇನು ಭಯ? 1848ರ ಕ್ರಾಂತಿ ಆಗಷ್ಟೇ ಅಡಗಿತ್ತು, ಹೊಸದೇನು ಕಂಡರೂ ಅನುಮಾನ. 1851ರಲ್ಲಿ ಪ್ರಷ್ಯ ಸರ್ಕಾರ ‘ಇದು ನಾಸ್ತಿಕತೆ, ಸಮಾಜವಾದ ಕಲಿಸುತ್ತೆ’ ಅಂತ ಕಿಂಡರ್‌ಗಾರ್ಟನ್‌ಗಳನ್ನ ನಿಷೇಧಿಸಿತು. ತಮಾಷೆ ಅಂದ್ರೆ, ಮೇಷ್ಟ್ರನ್ನ ಅವರ ಅಣ್ಣನ ಮಗ ಕಾರ್ಲ್ ಫ್ರೋಬೆಲ್ ಜೊತೆ ಗೊಂದಲ ಮಾಡಿಕೊಂಡಿದ್ದರು! ಅದು ತಪ್ಪು ಅಂತ ವಿವರಿಸಿದರೂ ಆದೇಶ ವಾಪಸ್ ಆಗಲಿಲ್ಲ. ಮರುವರ್ಷವೇ ಮೇಷ್ಟ್ರು ತೀರಿಕೊಂಡರು. ನಿಷೇಧ ಹೋಗಿದ್ದು 1860ರಲ್ಲಿ. ಅಷ್ಟರಲ್ಲಿ ಇದನ್ನ ಕಲಿತ ಹೆಣ್ಣುಮಕ್ಕಳು ಬೇರೆ ದೇಶಗಳಿಗೆ ಒಯ್ದಿದ್ದರು. 1856ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಮಾರ್ಗರೇಟ್ ಶುರ್ಜ್ ತಮ್ಮ ಮನೆಯಲ್ಲೇ ಒಂದನ್ನ ತೆರೆದರು.

ಕೊನೆಗೆ ಆ ಹೆಸರು ನಮ್ಮೂರಿನ ಬೋರ್ಡುಗಳ ಮೇಲೂ ಬಂತು. ಆದ್ರೆ ನನ್ನ ಎಲ್‌ಕೆಜಿ ನೆನಪು ಅಂದ್ರೆ ನಾಲ್ಕು ಗೆರೆ ಪುಸ್ತಕ. ಬಿಲ್ಡಿಂಗ್ ಬ್ಲಾಕ್ಸ್ ಇದ್ದವು, ಗಾಜಿನ ಬೀರುವಿನೊಳಗೆ. ಯಾರಾದ್ರೂ ನೋಡೋಕೆ ಬಂದ ದಿನ ಮಾತ್ರ ಹೊರಗೆ.

ಷ್ವೈನಾ ಅನ್ನೋ ಊರಲ್ಲಿ ಮೇಷ್ಟ್ರ ಸಮಾಧಿ ಇದೆ. ಅದರ ಕಲ್ಲು ಯಾವ ಆಕಾರದಲ್ಲಿದೆ ಗೊತ್ತಾ? ಕೆಳಗೆ ಘನ, ಅದರ ಮೇಲೆ ಸಿಲಿಂಡರ್, ತುದಿಯಲ್ಲಿ ಗೋಲ.

ನಿಮ್ಮ ಎಲ್‌ಕೆಜಿಲಿ ಬ್ಲಾಕ್ಸ್ ಕೈಗೆ ಸಿಗ್ತಿತ್ತಾ, ಇಲ್ಲ ಬೀರುವಿನೊಳಗಾ? ಕಾಮೆಂಟ್ ಮಾಡಿ 👇