ಉರಿಯದ ದೀಪದ ಸಾಕ್ಷ್ಯ

ಗೋಡೆಯ ಪ್ಲಗ್ಗಿನ ರಂಧ್ರಕ್ಕೆ ಟೆಸ್ಟರನ್ನು ತೂರಿಸಿ, ಅದರ ಪುಟ್ಟ ಕೆಂಪು ದೀಪ ಹೊತ್ತದಿದ್ದರೆ 'ಕರೆಂಟಿಲ್ಲ' ಎಂದು ನಿಶ್ಚಯಿಸಿ ತಂತಿಗೆ ಕೈಹಾಕುವವರನ್ನು ನಾವೆಲ್ಲರೂ ಕಂಡಿದ್ದೇವೆ. ನಾವೇ ಹಾಗೆ ಮಾಡಿದ್ದೂ ಉಂಟು. ಮಳೆ ಬಿಟ್ಟ ಒಂದು ಮಧ್ಯಾಹ್ನ ಶಾಲೆಯ ಜಗಲಿಯ ದೀಪ ಕೆಟ್ಟಿತೆಂದು ಸ್ವಿಚ್ಚನ್ನು ಆರಿಸಿ, ಒಣ ಮರದ ಸ್ಟೂಲನ್ನೇರಿ, ಟೆಸ್ಟರಿನಿಂದ ಹೋಲ್ಡರನ್ನು ಮುಟ್ಟಿ ನೋಡಿದೆವು. ಮಿನುಗು ಕಾಣಲಿಲ್ಲ. ಹೋಲ್ಡರನ್ನು ಬಿಚ್ಚುತ್ತಿರುವಾಗ ಇನ್ನೊಂದು ಕೈ ಒದ್ದೆ ಗೋಡೆಗೆ ತಗುಲಿತು; ಮರುಕ್ಷಣ ನಾವು ನೆಲದ ಮೇಲಿದ್ದೆವು. ಸ್ವಿಚ್ಚನ್ನು ಫೇಸಿನ ತಂತಿಯ ಬದಲು ನ್ಯೂಟ್ರಲಿನ ತಂತಿಗೆ ಜೋಡಿಸಿದ್ದರೆಂಬುದು ಆಮೇಲೆ ತಿಳಿಯಿತು. ಟೆಸ್ಟರು ಸುಳ್ಳು ಹೇಳಿತೇ? ಅದರ ವಂಶದ ಚರಿತ್ರೆಯನ್ನು ಸ್ವಲ್ಪ ಕೆದಕಿದರೆ ಉತ್ತರ ದೊರೆಯುತ್ತದೆ.

1820ರಲ್ಲಿ ಡೆನ್ಮಾರ್ಕಿನ ಅರ್ಸ್ಟೆಡ್ ಎಂಬ ಪ್ರಾಧ್ಯಾಪಕನು, ವಿದ್ಯುತ್ತು ಹರಿಯುವ ತಂತಿಯ ಸಮೀಪದಲ್ಲಿ ದಿಕ್ಸೂಚಿಯ ಮುಳ್ಳು ಹೊರಳುವುದನ್ನು ತೋರಿಸಿದನು. ಅದೇ ವರ್ಷ ಜರ್ಮನಿಯ ಶ್ವೈಗರನು ತಂತಿಯನ್ನು ಮುಳ್ಳಿನ ಸುತ್ತ ಹಲವು ಸುತ್ತು ಸುತ್ತಿ ಆ ಹೊರಳುವಿಕೆಯನ್ನು ಹೆಚ್ಚಿಸಿದನು. ಕಣ್ಣಿಗೆ ಕಾಣದುದನ್ನು ಕಾಣಿಸುವ ಉಪಕರಣವಿದು. ಆದರೆ ಕಂಡದ್ದೇನು ಎಂಬುದು ಸ್ಪಷ್ಟವಾಗಲು 1827ರಲ್ಲಿ ಓಮನ ಗ್ರಂಥ ಬರಬೇಕಾಯಿತು. ಒತ್ತಡ, ಪ್ರವಾಹ, ರೋಧ ಇವು ಮೂರು ಬೇರೆ ಬೇರೆ ಸಂಗತಿಗಳು. ಆದುದರಿಂದ ತಂತಿಗೆ ಕೇಳಬೇಕಾದ ಪ್ರಶ್ನೆಗಳೂ ಮೂರು.

ಪ್ರಶ್ನೆಗೆ ತಕ್ಕ ಉಪಕರಣವನ್ನು ಆರಿಸದಿದ್ದರೆ ಏನಾಗುವುದೆಂಬುದನ್ನು 1858ರ ಅಟ್ಲಾಂಟಿಕ್ ತಂತಿಯ ಕಥೆಯಷ್ಟು ಚೆನ್ನಾಗಿ ಬೇರಾವುದೂ ತೋರಿಸಲಾರದು. ಐರ್ಲೆಂಡಿನಿಂದ ನ್ಯೂಫೌಂಡ್‌ಲೆಂಡಿಗೆ ಕಡಲ ತಳದಲ್ಲಿ ಹಾಸಿದ ಆ ತಂತಿಯಲ್ಲಿ ಸಂಕೇತಗಳು ಬಹು ಕ್ಷೀಣವಾಗಿ ಬರುತ್ತಿದ್ದವು. ವಿಲಿಯಂ ಥಾಮ್ಸನ್—ಮುಂದೆ ಲಾರ್ಡ್ ಕೆಲ್ವಿನ್ ಎನಿಸಿಕೊಂಡವನು—ಪುಟ್ಟ ಕನ್ನಡಿಯನ್ನು ರೇಷ್ಮೆಯ ಎಳೆಗೆ ತೂಗಬಿಟ್ಟು, ಅದರಿಂದ ಪ್ರತಿಫಲಿಸಿದ ಬೆಳಕಿನ ಚುಕ್ಕೆ ಸರಿದಾಡುವುದನ್ನು ನೋಡಿ ಅತ್ಯಲ್ಪ ಪ್ರವಾಹವನ್ನೂ ಗುರುತಿಸುವ ಮಾಪಕವನ್ನು ರಚಿಸಿದ್ದನು. ಕಂಪನಿಯ ವಿದ್ಯುತ್ ತಜ್ಞ ವೈಟ್‌ಹೌಸನಿಗೆ ಅದರಲ್ಲಿ ನಂಬುಗೆಯಿರಲಿಲ್ಲ. ತನ್ನ ಒರಟು ಯಂತ್ರ ಓಡಬೇಕೆಂದು, ಮೊದಲೇ ದುರ್ಬಲವಾಗಿದ್ದ ತಂತಿಗೆ ಸುಮಾರು 2000 ವೋಲ್ಟಿನ ಒತ್ತಡವನ್ನು ಹೇರಿದನು. ಕೆಲವೇ ವಾರಗಳಲ್ಲಿ ತಂತಿ ಮೂಕವಾಯಿತು. ಪರೀಕ್ಷಕನೇ ರೋಗಿಯನ್ನು ಕೊಂದನೆಂದು ಹೇಳಿದರೆ ಸ್ವಲ್ಪ ಕಟುವಾದೀತು. ಆದರೆ ಬದುಕಿಸಲಿಲ್ಲವೆಂಬುದಂತೂ ನಿಜ.

ವಿದ್ಯುತ್ತು ಮನೆಗಳನ್ನು ಹೊಕ್ಕಾಗ ಪ್ರಶ್ನೆಯೇ ಬದಲಾಯಿತು. 1882ರಲ್ಲಿ ಎಡಿಸನ್ನನು ನ್ಯೂಯಾರ್ಕಿನ ಪರ್ಲ್ ಬೀದಿಯಲ್ಲಿ ವಿದ್ಯುದಾಗಾರವನ್ನು ನಡೆಸತೊಡಗಿದನು. ಅದೇ ವರ್ಷ ಲಂಡನ್ನಿನ ತಂತಿ ಎಂಜಿನಿಯರರ ಸಂಘವು, ವಿದ್ಯುದ್ದೀಪಗಳಿಂದ ಬೆಂಕಿ ಬೀಳದಂತೆ ಮೊದಲ ನಿಯಮಾವಳಿಯನ್ನು ಪ್ರಕಟಿಸಿತು. ನಮ್ಮ ನಾಡಿನಲ್ಲಿ 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು. ಇನ್ನು ಮೇಲೆ ಸಂಕೇತ ಬಂತೇ ಎಂಬುದಷ್ಟೇ ಅಲ್ಲ, ತಂತಿಯ ಹೊದಿಕೆ ತಡೆಯಬಲ್ಲುದೇ ಎಂಬುದೇ ಪ್ರಾಣದ ಪ್ರಶ್ನೆ. ಇದಕ್ಕೆ ಉತ್ತರ ಹುಡುಕಿದವನು ಇಂಗ್ಲೆಂಡಿನ ಸಿಡ್ನಿ ಎವರ್ಷೆಡ್. ವೈರ್‌ಮನ್ನರು ಕೈಯಲ್ಲಿ ತಿರುಗಿಸುತ್ತಿದ್ದ 'ಮೆಗ್ಗರ್' ಅವನ ಕೊಡುಗೆ. ಕೆಲವು ವೋಲ್ಟಿನ ಬ್ಯಾಟರಿಯಿಂದ ನಡೆಯುವ ಸಾಮಾನ್ಯ ಮೀಟರಿಗೆ ತೇವ ಹಿಡಿದ ಹೊದಿಕೆ ನಿರ್ದೋಷಿಯಾಗಿ ಕಂಡೀತು. 500 ವೋಲ್ಟಿನ ಒತ್ತಡದಲ್ಲಿ ಅದರ ಬಣ್ಣ ಬಯಲಾಗುತ್ತದೆ. 1956ರ ಭಾರತೀಯ ವಿದ್ಯುತ್ ನಿಯಮಗಳು ಮನೆಯ ತಂತಿಗೂ ನೆಲಕ್ಕೂ ನಡುವೆ 500 ವೋಲ್ಟನ್ನು ಒಂದು ನಿಮಿಷ ಕೊಟ್ಟಾಗ ರೋಧವು ಕನಿಷ್ಠ 1 ಮೆಗೋಮ್ ಇರಬೇಕೆಂದು ವಿಧಿಸಿದ್ದವು. ಮೆಗ್ಗರನ್ನು ಹಚ್ಚುವ ಮೊದಲು ಮೇನ್ ಸ್ವಿಚ್ಚನ್ನು ತೆಗೆದು, ಬಲ್ಬು, ಪಂಖ, ರೇಡಿಯೋಗಳನ್ನೆಲ್ಲ ಕಳಚಬೇಕು. ಇಂದಿನ ಎಲ್‌ಇಡಿ ದೀಪಗಳಂತೂ ಆ ಒತ್ತಡವನ್ನು ತಾಳಲಾರವು.

1923ರಲ್ಲಿ ಬ್ರಿಟನ್ನಿನ ಅಂಚೆ ಇಲಾಖೆಯ ಎಂಜಿನಿಯರ್ ಡೊನಾಲ್ಡ್ ಮೆಕಾಡಿಯು, ಮೂರು ಮೀಟರುಗಳನ್ನು ಹೊತ್ತು ತಿರುಗುವ ಕಷ್ಟವನ್ನು ಕಳೆಯಲು, ಅವನ್ನು ಒಂದೇ ಪೆಟ್ಟಿಗೆಯಲ್ಲಿ ಕೂಡಿಸಿದ 'ಆವೋಮೀಟರ'ನ್ನು ತಂದನು. ಆಂಪಿಯರ್, ವೋಲ್ಟ್, ಓಮ್ ಇವುಗಳ ಮೊದಲ ಅಕ್ಷರಗಳೇ ಅದರ ಹೆಸರು. ಅನುಕೂಲದೊಡನೆ ಅಪಾಯವೂ ಬಂದಿತು. ಗುಂಡಿಯನ್ನು ಆಂಪಿಯರಿನಲ್ಲೇ ಬಿಟ್ಟು ವೋಲ್ಟನ್ನು ಅಳೆಯಹೊರಟರೆ ಮೀಟರಿನ ಮೂಲಕವೇ ಷಾರ್ಟ್ ಆಗುತ್ತದೆ. ಆದುದರಿಂದ ಅಂಗಡಿಯಲ್ಲಿ ಮೀಟರನ್ನು ಕೊಳ್ಳುವಾಗ ಬೆಲೆಗಿಂತ ಮೊದಲು ಅದರ ಮೈಮೇಲಿನ 'ಕ್ಯಾಟ್' ಎಂಬ ಗುರುತನ್ನು ನೋಡಬೇಕು: ಪ್ಲಗ್ಗಿಗೆ ಹಾಕಿದ ಉಪಕರಣಗಳಿಗೆ 2 ಸಾಕು, ಹಂಚಿಕೆಯ ಬೋರ್ಡಿಗೆ 3 ಬೇಕು. ಒಳಗಿನ ಫ್ಯೂಸ್ ಸರಿಯಾದುದಾಗಿರಬೇಕು; ತಂತಿಯ ಹೊದಿಕೆ ಬಿರುಕು ಬಿಟ್ಟಿರಬಾರದು.

ಇನ್ನು ನಮ್ಮ ಟೆಸ್ಟರಿನ ಮಾತು. ಅದರೊಳಗೆ ಒಂದು ನಿಯಾನ್ ದೀಪವೂ ದೊಡ್ಡ ರೋಧವೊಂದೂ ಇವೆ; ಅದನ್ನು ಹಿಡಿದವನ ಮೈಯೇ ಮಂಡಲವನ್ನು ಪೂರ್ತಿಗೊಳಿಸುತ್ತದೆ. ಒಣ ಸ್ಟೂಲಿನ ಮೇಲೆ ಮಿನುಗು ಮಂಕಾಗುತ್ತದೆ, ಹಗಲ ಬೆಳಕಿನಲ್ಲಿ ಕಾಣುವುದೇ ಇಲ್ಲ. ನ್ಯೂಟ್ರಲ್ ಎಲ್ಲೋ ಕಡಿದಿದ್ದು ದೀಪದ ಸ್ವಿಚ್ಚು ಹಾಕಿದ್ದರೆ ಪ್ಲಗ್ಗಿನ ಎರಡೂ ರಂಧ್ರಗಳಲ್ಲಿ ಅದು ಹೊತ್ತುತ್ತದೆ. ಮನೆಯವರು 'ಎರಡು ಫೇಸ್ ಬಂದಿದೆ' ಎಂದು ಬೆದರುತ್ತಾರೆ. ಹೋಲ್ಡರಿಗೆ ಎರಡು ತಂತಿ ಕಟ್ಟಿದ ಟೆಸ್ಟ್ ಲ್ಯಾಂಪೂ ದೋಷರಹಿತವಲ್ಲ: ಎರಡು ಫೇಸುಗಳ ನಡುವೆ ಸಿಕ್ಕರೆ ಬಲ್ಬು ಒಡೆದೀತು, ಅರ್ತಿನ ತಂತಿ ಕಡಿದಿದ್ದರೆ ಅದಕ್ಕೆ ಕಟ್ಟಿರುವ ಯಂತ್ರಗಳ ಮೈಯೆಲ್ಲ ಕರೆಂಟಾದೀತು. ಇತ್ತ ಬಹು ಸೂಕ್ಷ್ಮವಾದ ಅಂಕಿಯ ಮೀಟರು, ಸಜೀವ ತಂತಿಯ ಪಕ್ಕದಲ್ಲಿ ಸುಮ್ಮನೆ ಮಲಗಿದ ನಿರ್ಜೀವ ತಂತಿಯಲ್ಲೂ ಹತ್ತಾರು ವೋಲ್ಟನ್ನು ತೋರಿಸುವುದುಂಟು. ಥಾಮ್ಸನ್ನನ ಕನ್ನಡಿಯಾದರೂ ಎಲ್ಲ ಕಡೆಗೂ ಒಗ್ಗುವುದಿಲ್ಲವಷ್ಟೆ! ಎರಡು ಮೊನೆಗಳ ವೋಲ್ಟೇಜ್ ಟೆಸ್ಟರೇ ಇಲ್ಲಿ ನಮಗೆ ಮೆಚ್ಚುಗೆ.

ಅದನ್ನೂ ಸಜೀವವೆಂದು ತಿಳಿದ ಕಡೆ ಮೊದಲು ಮುಟ್ಟಿಸಿ, ಬಳಿಕ ಕೆಲಸದ ಜಾಗದಲ್ಲಿ ನೋಡಿ, ಮತ್ತೊಮ್ಮೆ ಸಜೀವವಾದ ಕಡೆ ಮುಟ್ಟಿಸಬೇಕು. ನಡುವೆ ಉಪಕರಣ ಸತ್ತಿರಲಿಲ್ಲವೆಂಬುದಕ್ಕೆ ಬೇರೆ ಪುರಾವೆಯಿಲ್ಲ.

ಮರುವಾರ ಬಂದ ವಯಸ್ಸಾದ ವೈರ್‌ಮನ್ ಒಬ್ಬರು ಹೀಗೆಯೇ ಮಾಡಿದರು. ಮೆಗ್ಗರಿನಿಂದ ಜಗಲಿಯ ತಂತಿಯನ್ನು ಅಳೆದು, ನಡುವಿನ ಜಂಕ್ಷನ್ ಪೆಟ್ಟಿಗೆಯಲ್ಲಿ ಎರಡು ಭಾಗ ಮಾಡಿ, ಕೆಟ್ಟ ಭಾಗವನ್ನು ಮತ್ತೆ ಎರಡು ಮಾಡಿ, ನಾಲ್ಕನೆಯ ಅಳತೆಗೆ ನೀರು ಜಿನುಗಿದ ಸೀಲಿಂಗ್ ರೋಸನ್ನು ಹಿಡಿದರು. ಸ್ವಿಚ್ಚನ್ನೂ ಫೇಸಿಗೆ ಬದಲಾಯಿಸಿದರು. ನೋಡುತ್ತಿದ್ದ ಹುಡುಗರಿಗೆ ಮೆಗ್ಗರಿನ ಹಿಡಿಯನ್ನು ತಿರುಗಿಸುವುದೇ ಆಟವಾಗಿ ಕಂಡಿತು. ನಮ್ಮ ಕಣ್ಣಿಗೆ ಬಿದ್ದುದು ಬೇರೆ: ಅವರು ಬೋರ್ಡಿನಿಂದ ಫ್ಯೂಸ್ ಕ್ಯಾರಿಯರನ್ನು ಕಿತ್ತು ಅಲ್ಲಿಯೇ ಇಡದೆ, ಅಂಗಿಯ ಜೇಬಿನಲ್ಲಿ ಹಾಕಿಕೊಂಡೇ ಏಣಿಯನ್ನು ಹತ್ತಿದ್ದರು.