ಆರು ಗಂಟೆಯ ಭವಿಷ್ಯ, ಆರು ವಾರದ ಲೆಕ್ಕ

ಮುಂದಿನ ಗ್ರಹಣ ಯಾವ ದಿನ, ಯಾವ ಗಳಿಗೆಗೆ ಹಿಡಿಯುವುದೆಂದು ನಮ್ಮ ಪಂಚಾಂಗಕರ್ತರು ಮೊದಲೇ ಗುಣಿಸಿ ಬರೆದಿಡುತ್ತಾರೆ, ಅದು ತಪ್ಪುವುದಿಲ್ಲ. ಅದೇ ಪಂಚಾಂಗ ಮಳೆಯ ವಿಚಾರವಾಗಿ ಆಡುವ ಮಾತನ್ನು ಮಾತ್ರ ರೈತ ಅರ್ಧ ನಂಬಿ, ಅರ್ಧ ನಗುತ್ತ ಕೇಳುತ್ತಾನೆ. ಗ್ರಹಗಳಿಗೆ ಒಗ್ಗಿದ ಗಣಿತ ಗಾಳಿಗೇಕೆ ಒಗ್ಗಬಾರದು? ನಾರ್ವೆಯ ವಿಲ್ಹೆಲ್ಮ್ ಬ್ಯರ್ಕ್‌ನೆಸ್ 1904ರಲ್ಲಿ ಇದಕ್ಕೆ ತಾತ್ತ್ವಿಕ ಉತ್ತರ ಕೊಟ್ಟಿದ್ದ: ಈ ಕ್ಷಣದ ವಾಯುಮಂಡಲದ ಸ್ಥಿತಿ ಚೆನ್ನಾಗಿ ತಿಳಿದಿರಬೇಕು, ಅದು ಬದಲಾಗುವ ನಿಯಮಗಳೂ ತಿಳಿದಿರಬೇಕು, ಉಳಿದದ್ದು ಲೆಕ್ಕ. ಆ ಲೆಕ್ಕವನ್ನು ನಿಜವಾಗಿ ಮಾಡಿ ನೋಡಲು ಕುಳಿತವನು ಇಂಗ್ಲೆಂಡಿನ ಲೂಯಿಸ್ ಫ್ರೈ ರಿಚರ್ಡ್‌ಸನ್.

ರಿಚರ್ಡ್‌ಸನ್ 1881ರಲ್ಲಿ ನ್ಯೂಕಾಸಲ್ ಪಟ್ಟಣದ ಕ್ವೇಕರ್ ಮನೆತನದಲ್ಲಿ ಹುಟ್ಟಿದ. ಆಯುಧ ಹಿಡಿಯುವುದು ಕ್ವೇಕರರಿಗೆ ನಿಷಿದ್ಧ. 1913ರಲ್ಲಿ ಸ್ಕಾಟ್ಲೆಂಡಿನ ಎಸ್ಕ್‌ಡೇಲ್‌ಮ್ಯೂರ್ ವೀಕ್ಷಣಾಲಯದ ಮೇಲ್ವಿಚಾರಕನಾದ. ಮಹಾಯುದ್ಧ ಬಂತು. ಕೊಲ್ಲಲು ಒಲ್ಲದ, ಸುಮ್ಮನಿರಲೂ ಒಲ್ಲದ ಆ ಮನುಷ್ಯ 1916ರಲ್ಲಿ ಕೆಲಸ ಬಿಟ್ಟು ಕ್ವೇಕರರ ಆಂಬುಲೆನ್ಸ್ ದಳ ಸೇರಿ ಫ್ರಾನ್ಸಿನ ರಣರಂಗಕ್ಕೆ ಹೋದ. ಗಾಯಾಳುಗಳನ್ನು ಸಾಗಿಸುವ ಕೆಲಸದ ನಡುವೆ ಬಿಡುವು ಸಿಕ್ಕಾಗ, ಚಳಿಯ ಬಿಡಾರದಲ್ಲಿ, ಹುಲ್ಲಿನ ರಾಶಿಯನ್ನೇ ಮೇಜಾಗಿ ಮಾಡಿಕೊಂಡು ಲೆಕ್ಕಕ್ಕೆ ತೊಡಗಿದ.

ಆತ ಆರಿಸಿಕೊಂಡದ್ದು ಇಡೀ ಭೂಮಿಯನ್ನಲ್ಲ, ಮಧ್ಯ ಯೂರೋಪಿನ ಒಂದು ತುಂಡನ್ನು. ದಿನ 1910ರ ಮೇ 20. ಹ್ಯಾಲಿಯ ಧೂಮಕೇತು ಭೂಮಿಗೆ ಹತ್ತಿರ ಸುಳಿದಿದ್ದ ಆ ದಿನಗಳಲ್ಲಿ ಯೂರೋಪಿನ ಹಲವೆಡೆ ಬಲೂನುಗಳನ್ನು ಹಾರಿಸಿ ಮೇಲಿನ ಗಾಳಿಯನ್ನು ಅಳೆದಿದ್ದರು. ಅಂದಿನ ಬೆಳಗಿನ ಅಳತೆಗಳನ್ನು ಬ್ಯರ್ಕ್‌ನೆಸ್ ಲೈಪ್‌ಜಿಗ್‌ನಲ್ಲಿ ನಕ್ಷೆಗಳಾಗಿ ಪ್ರಕಟಿಸಿದ್ದ. ರಿಚರ್ಡ್‌ಸನ್ ಆ ಪ್ರದೇಶವನ್ನು ಚದುರಂಗದ ಹಾಸಿನಂತೆ ಮನೆಗಳಾಗಿ ಸೀಳಿದ. ಮೇಲ್ಮುಖವಾಗಿ ಐದು ಪದರಗಳನ್ನು ಮಾಡಿದ. ಕೈಯಲ್ಲಿದ್ದ ಯಂತ್ರವೆಂದರೆ ಗೇಣುದ್ದದ ಒಂದು ಸ್ಲೈಡ್ ರೂಲ್. ಲೆಕ್ಕದ ನಮೂನೆಗಳನ್ನು ಸಿದ್ಧಪಡಿಸಿ, ಬರಿಯ ಎರಡು ಕಂಬಗಳಷ್ಟು ಗಾಳಿಯ ಆರು ಗಂಟೆಯ ಬದಲಾವಣೆಯನ್ನು ಗುಣಿಸಲು ಹೆಚ್ಚುಕಡಿಮೆ ಆರು ವಾರ ಹಿಡಿಯಿತು.

ಬಂದ ಉತ್ತರ ಇದು: ಮ್ಯೂನಿಕ್‌ನ ಸುತ್ತಿನಲ್ಲಿ ಆರು ಗಂಟೆಗಳಲ್ಲಿ ವಾಯುಭಾರ 145 ಮಿಲಿಬಾರ್ ಏರಬೇಕು. ಆ ದಿನ ಅಲ್ಲಿ ವಾಯುಭಾರ ಅಲುಗಾಡಿರಲೇ ಇಲ್ಲವೆನ್ನಬಹುದು. 145 ಎಂದರೆ ಎಷ್ಟೆಂದು ತಿಳಿಯಬೇಕಾದರೆ, 1979ರಲ್ಲಿ ಪೆಸಿಫಿಕ್ ಸಾಗರದ ಮೇಲೆದ್ದ ಟಿಪ್ ಎಂಬ ಮಹಾ ಚಂಡಮಾರುತದ ಗರ್ಭದಲ್ಲಿ ವಾಯುಭಾರ 870ಕ್ಕೆ ಕುಸಿದು ದಾಖಲೆಯಾಯಿತು. ಸಾಧಾರಣ ಸ್ಥಿತಿಗಿಂತ ಅದು ಕೆಳಗಿಳಿದದ್ದೂ ಇಷ್ಟೇ. ಬವೇರಿಯದ ಪ್ರಶಾಂತ ದಿನವೊಂದಕ್ಕೆ ಇಂಥ ಭವಿಷ್ಯ!

ಇದನ್ನು ಮುಚ್ಚಿಡುವುದು ಸುಲಭವಿತ್ತು. ರಿಚರ್ಡ್‌ಸನ್ 1922ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಮುದ್ರಣಾಲಯದಿಂದ ಹೊರಬಂದ ತನ್ನ ಗ್ರಂಥದಲ್ಲಿ ಎಲ್ಲವನ್ನೂ, ಕೋಷ್ಟಕ ಕೋಷ್ಟಕವಾಗಿ, ತಪ್ಪು ಉತ್ತರದ ಸಮೇತ ಅಚ್ಚು ಹಾಕಿಸಿದ. ತಪ್ಪು ಎಲ್ಲಿರಬಹುದೆಂಬ ಅನುಮಾನವನ್ನೂ ಬರೆದ: ಸಮೀಕರಣಗಳಲ್ಲಲ್ಲ, ಆರಂಭದ ಗಾಳಿಯ ಅಳತೆಗಳಲ್ಲಿ.

ಅನುಮಾನ ಸರಿಯಾಗಿತ್ತು. ಮಂಡಿ ಸಾಹುಕಾರನೊಬ್ಬನ ಖಾತೆಯಲ್ಲಿ ದಿನಕ್ಕೆ ಲಕ್ಷಗಟ್ಟಲೆ ಜಮೆ, ಲಕ್ಷಗಟ್ಟಲೆ ಖರ್ಚು, ಸಂಜೆಗೆ ಉಳಿಯುವುದು ಹತ್ತು ರೂಪಾಯಿ ಎನ್ನೋಣ. ಜಮೆಯ ಬರಹದಲ್ಲಿ ನೂರಕ್ಕೆ ಒಂದರಷ್ಟು ತಪ್ಪಿದರೂ ಆ ಹತ್ತು ರೂಪಾಯಿಯ ಜಾಗದಲ್ಲಿ ಸಾವಿರ ಕಾಣಿಸುತ್ತದೆ. ಒಂದೆಡೆಯ ವಾಯುಭಾರದ ಬದಲಾವಣೆ ಇಂಥ ಶಿಲ್ಕು. ಒಳಬರುವ ಗಾಳಿಗೂ ಹೊರಹೋಗುವ ಗಾಳಿಗೂ ಇರುವ ಅಲ್ಪ ಅಂತರ. ಜೊತೆಗೆ, ನಿಸರ್ಗದಲ್ಲಿ ಗಾಳಿಯೂ ವಾಯುಭಾರವೂ ಒಂದನ್ನೊಂದು ಅರಿತು ನಡೆಯುತ್ತವೆ. ಬಲೂನಿನ ವಿರಳ ಅಳತೆಗಳಲ್ಲಿ ಆ ಹೊಂದಾಣಿಕೆ ಕೆಟ್ಟಿರುತ್ತದೆ. (ವಿಷುವದ್ರೇಖೆಗೆ ಸಮೀಪದ ನಮ್ಮಂಥ ನಾಡುಗಳಲ್ಲಿ ಈ ಹೊಂದಾಣಿಕೆಯೇ ಸಡಿಲ, ನಮ್ಮ ಮಳೆ ಲೆಕ್ಕಕ್ಕೆ ಸುಲಭವಾಗಿ ಸಿಕ್ಕದಿರುವುದಕ್ಕೆ ಇದೂ ಒಂದು ಕಾರಣ.) ತುಂಬಿದ ಕೊಡ ಹೊತ್ತು ನಡೆದಾಗ ನೀರು ತುಳುಕುತ್ತದೆ. ಒಂದು ಕ್ಷಣದ ತುಳುಕನ್ನು ನೋಡಿ, ನೀರಿನ ಮಟ್ಟವೇ ಏರುತ್ತಿದೆಯೆಂದು ಭಾವಿಸಿ, ಅದನ್ನು ಆರು ಗಂಟೆಯವರೆಗೆ ಹಿಗ್ಗಿಸಿದರೆ ಏನಾದೀತು? ರಿಚರ್ಡ್‌ಸನ್ನನ ಲೆಕ್ಕಕ್ಕೆ ಆದದ್ದು ಅದೇ.

ಐರ್ಲೆಂಡಿನ ಹವಾಮಾನ ಶಾಸ್ತ್ರಜ್ಞ ಪೀಟರ್ ಲಿಂಚ್ 1990ರ ದಶಕದಲ್ಲಿ ಅದೇ ಲೆಕ್ಕವನ್ನು ಕಂಪ್ಯೂಟರಿನಿಂದ ಮತ್ತೆ ಮಾಡಿಸಿದಾಗ ಮೊದಲು ಬಂದದ್ದು ಅದೇ 145. ಬಳಿಕ ಆರಂಭದ ಅಳತೆಗಳಿಂದ ಆ ತುಳುಕಾಟವನ್ನಷ್ಟೇ ಸೋಸಿದ; ಸಮೀಕರಣಗಳನ್ನು ಮುಟ್ಟಲಿಲ್ಲ. ಉತ್ತರ ಒಂದು ಮಿಲಿಬಾರಿಗಿಂತ ಕಡಿಮೆಗೆ ಇಳಿಯಿತು.

ಹಸ್ತಪ್ರತಿಯ ಪಾಡೂ ವಿಚಿತ್ರವಾದುದು. 1917ರ ಏಪ್ರಿಲ್‌ನಲ್ಲಿ ಶಾಂಪೇನ್ ಕದನದ ಸಮಯ ಅದನ್ನು ಹಿಂಬದಿಗೆ ಕಳುಹಿಸಿದ್ದರು, ಕಳೆದೇಹೋಯಿತು. ಕೆಲವು ತಿಂಗಳ ಮೇಲೆ ಬೆಲ್ಜಿಯಮ್ಮಿನಲ್ಲಿ ಕಲ್ಲಿದ್ದಲ ರಾಶಿಯ ಅಡಿಯಲ್ಲಿ ಸಿಕ್ಕಿತು. ಗ್ರಂಥದಲ್ಲಿ ಆತ ಕಂಡ ಒಂದು ಕನಸಿದೆ: ಗೋಡೆಗಳ ಮೇಲೆ ಭೂಪಟ ಬರೆದಿರುವ ದೊಡ್ಡ ಗೋಳಾಕಾರದ ಮಂದಿರದಲ್ಲಿ, ತಮತಮಗೆ ವಹಿಸಿದ ಪ್ರದೇಶದ ಲೆಕ್ಕ ಮಾಡುತ್ತ ಕುಳಿತ 64,000 ಗಣಕರು, ನಡುವೆ ವಾದ್ಯವೃಂದದ ನಿರ್ದೇಶಕನಂತೆ ಒಬ್ಬ. ಹವೆಯ ಓಟಕ್ಕೆ ಸಮನಾಗಿ ಲೆಕ್ಕವೂ ಓಡಲು ಅಷ್ಟು ಮಂದಿ ಬೇಕಾಗಿತ್ತು.

1920ರಲ್ಲಿ ಬ್ರಿಟನ್ನಿನ ಹವಾಮಾನ ಇಲಾಖೆ ವಾಯುಪಡೆಯ ಸಚಿವಾಲಯದ ಅಧೀನವಾದಾಗ ರಿಚರ್ಡ್‌ಸನ್ ರಾಜೀನಾಮೆ ಕೊಟ್ಟು ಅಧ್ಯಾಪಕನಾದ. ಅಷ್ಟಕ್ಕೂ ಬಿಡುಗಡೆಯಾಗಲಿಲ್ಲ. ಗಾಳಿಯ ಸುಳಿ, ಹೊಗೆಯ ಹರಡುವಿಕೆಗಳನ್ನು ಕುರಿತ ಆತನ ಸಂಶೋಧನೆಯಲ್ಲಿ ಅತಿ ಹೆಚ್ಚು ಆಸಕ್ತಿ ತೋರಿಸಿದವರು ವಿಷಾನಿಲದ ತಜ್ಞರೆಂದು ತಿಳಿದು ಎದೆಯೊಡೆದ. ಪ್ರಕಟವಾಗದಿದ್ದ ಬರಹಗಳನ್ನು ನಾಶಮಾಡಿದ. ಆ ಮೇಲೆ ಯುದ್ಧಗಳೇಕೆ ಹುಟ್ಟುತ್ತವೆಂಬುದನ್ನೇ ಗಣಿತದಿಂದ ಹುಡುಕತೊಡಗಿದ.

1950ರ ಮಾರ್ಚಿಯಲ್ಲಿ ಅಮೆರಿಕದ ಅಬರ್ಡೀನ್ ಸೈನ್ಯಕೇಂದ್ರದಲ್ಲಿ ಚಾರ್ನಿ, ಫ್ಯೋರ್ಟಾಫ್ಟ್, ಫಾನ್ ನಾಯ್ಮನ್ ಎಂಬ ಮೂವರು ತುಳುಕಾಟಕ್ಕೆ ಎಡೆಯೇ ಇಲ್ಲದಂತೆ ಸರಳಗೊಳಿಸಿದ ಸಮೀಕರಣವನ್ನು ಎನಿಯಾಕ್ ಯಂತ್ರಕ್ಕೆ ಕೊಟ್ಟರು. ಫಿರಂಗಿ ಗುಂಡಿನ ಪಥವನ್ನು ಗುಣಿಸಲೆಂದು ಕಟ್ಟಿದ ಯಂತ್ರ ಅದು. ಉತ್ತರ ಅಮೆರಿಕದ 24 ಗಂಟೆಯ ಭವಿಷ್ಯಕ್ಕೆ ಹತ್ತಿರ ಹತ್ತಿರ 24 ಗಂಟೆಯೇ ಹಿಡಿಯಿತು. ಆದರೆ ಉತ್ತರ ನಂಬುವಂತಿತ್ತು. ಚಾರ್ನಿ ಅದನ್ನು ವೃದ್ಧ ರಿಚರ್ಡ್‌ಸನ್ನನಿಗೆ ಕಳುಹಿಸಿದ. ರಿಚರ್ಡ್‌ಸನ್ ತೀರ್ಪನ್ನು ತಾನು ಕೊಡಲಿಲ್ಲ. ಹೆಂಡತಿ ಡೊರೊತಿಯ ಮುಂದೆ ನಕ್ಷೆಗಳನ್ನಿಟ್ಟು, ಮರುದಿನದ ನಿಜವಾದ ಹವೆಯನ್ನು ಯಾವುದು ಹೆಚ್ಚು ಹೋಲುತ್ತದೆ, ಯಂತ್ರ ಬರೆದದ್ದೋ, ಏನೂ ಬದಲಾಗದೆಂದು ಹಿಂದಿನ ದಿನದ ನಕ್ಷೆಯನ್ನೇ ಇಟ್ಟುಕೊಂಡದ್ದೋ ಎಂದು ಕೇಳಿದ. ಒಟ್ಟಿನಲ್ಲಿ ಯಂತ್ರದ್ದೇ ಕೂದಲೆಳೆಯಷ್ಟು ಮೇಲೆಂದು ಆಕೆ ಕಂಡಳು. ತನ್ನ ಒಂದೇ ಒಂದು, ಅದೂ ತಪ್ಪಾದ ಉತ್ತರಕ್ಕೆ ಹೋಲಿಸಿದರೆ ಇದು ಬಹು ದೊಡ್ಡ ಮುನ್ನಡೆಯೆಂದು ಆತ ಚಾರ್ನಿಗೆ ಬರೆದು ತಿಳಿಸಿದ. 1953ರಲ್ಲಿ ತೀರಿಕೊಂಡ.